ಬಿಟ್ಟ ಕರಾಟೆ ಮತ್ತೆ ಹಿಡಿಯೋರಿಗೆ: ಗೋಜು, ಶೋರಿನ್, ಉಯೆಚಿ, ಇಶಿನ್ – ಯಾವ ಶೈಲಿ ಯಾರಿಗೆ ಹೊಂದತೈತಿ?

ಚಿಕ್ಕೋಡಿ: ಹೈಸ್ಕೂಲಿನಾಗ ಎರಡು-ಮೂರು ವರ್ಷ ಕರಾಟೆ ಕಲಿತು, ಎಸ್ಸೆಸ್ಸೆಲ್ಸಿ ಪರೀಕ್ಷೆ ಬಂತು ಅಂತ ಬಿಟ್ಟು, ಆಮೇಲೆ ಅಂಗಡಿ, ಹೊಲ, ಮದುವೆ, ಮಕ್ಕಳು ಅಂತ ಮರೆತೇ ಬಿಟ್ಟವರು ನಮ್ಮ ಐದೂ ತಾಲೂಕಿನಾಗ ಸಾಕಷ್ಟು ಮಂದಿ ಇದ್ದಾರೆ. ಕಪಾಟಿನ ಮೂಲೆಯಲ್ಲಿ ಹಳದಿಯೋ ಹಸಿರೋ ಒಂದು ಬೆಲ್ಟು, ಟ್ರಂಕಿನಾಗ ಒಂದು ಸರ್ಟಿಫಿಕೇಟು. ಈಗ ವಯಸ್ಸು ಮೂವತ್ತೈದು, ನಲವತ್ತು. ಗಲ್ಲಾಪೆಟ್ಟಿಗೆ ಮುಂದೆ ದಿನಕ್ಕೆ ಹತ್ತು-ಹನ್ನೆರಡು ತಾಸು ಕೂತು ಹೊಟ್ಟೆ ಬಂದಿದೆ, ಡಾಕ್ಟರು 'ಶುಗರ್ ಗಡಿಯಲ್ಲಿದೆ, ಮೈ ದಣಿಸ್ರಿ' ಅಂದಿದ್ದಾರೆ. ಮಗಳನ್ನು ಕರಾಟೆ ಕ್ಲಾಸಿಗೆ ಬಿಡಲು ಹೋದಾಗ ಮನಸ್ಸು ಹೇಳುತ್ತದೆ: 'ನಾನೂ ಮತ್ತ ಶುರು ಮಾಡ್ಲೇನು?'

ಅಲ್ಲಿ ಮೊದಲ ತೊಡಕು ಬರುತ್ತದೆ. ಅಂದು ಕಲಿಸಿದ ಸರ್ ಊರು ಬಿಟ್ಟಿದ್ದಾರೆ. ಈಗಿನ ಕ್ಲಾಸಿನ ಬೋರ್ಡಿನ ಮೇಲೆ ಬೇರೆಯದೇ ಹೆಸರು. ಒಂದು ಕಡೆ 'ಗೋಜು-ರಿಯು', ಇನ್ನೊಂದು ಕಡೆ 'ಶೋರಿನ್-ರಿಯು', ಮತ್ತೊಂದು ಕಡೆ 'ಶೋಟೋಕಾನ್'. ಎಲ್ಲರೂ ತಮ್ಮದೇ ಅಸಲಿ ಅಂತಾರೆ. ಹಳೆಯ ಬೆಲ್ಟು ನಡೆಯುತ್ತದೋ ಇಲ್ಲವೋ, ಮೊಣಕಾಲು ತಡೆಯುತ್ತದೋ ಇಲ್ಲವೋ, ಫೀ ಕೊಟ್ಟ ಮೇಲೆ ದಾರಿ ತಪ್ಪಿದರೆ ಹೆಂಗ? ಈ ಪ್ರಶ್ನೆಗಳಿಗೆ ಒಂದೇ ಕಡೆ ಉತ್ತರ ಸಿಗಲಿ ಅಂತ ಈ ಮಾಹಿತಿ. ಓದಿ ಇಟ್ಟುಕೊಳ್ಳಿ, ಬೇಕಾದವರಿಗೆ ಕಳಿಸಿ.

ಒಂದೇ ನೋಟದಲ್ಲಿ

- ಶೈಲಿಗಿಂತ ಮೊದಲು ಕಲಿಸುವವರನ್ನು ನೋಡಿ. ಒಳ್ಳೆ ಶಿಕ್ಷಕರು ಮನೆಗೆ ಹತ್ತಿರ ಇದ್ದರೆ ಅದೇ ನಿಮ್ಮ ಶೈಲಿ.
- ಹಳೆಯ ಬೆಲ್ಟು ಬೇರೆ ಸಂಸ್ಥೆಯಲ್ಲಿ ತಾನಾಗಿ ನಡೆಯುವುದಿಲ್ಲ. ಬಿಳಿ ಬೆಲ್ಟಿನಿಂದ ಶುರು ಮಾಡಿದರೆ ನಷ್ಟವಿಲ್ಲ.
- ಬಿಪಿ ಇದ್ದವರು 'ಸಾಂಚಿನ್' ಅಭ್ಯಾಸಕ್ಕೆ ಮೊದಲು ಡಾಕ್ಟರನ್ನು ಕೇಳಿ.
- ಶುಗರ್ ಇದ್ದವರು ಬರಿಗಾಲಿನ ಅಭ್ಯಾಸಕ್ಕೆ ಮೊದಲು ಪಾದ ತೋರಿಸಿ.
- ಮೊದಲ ಮೂರು ತಿಂಗಳು ಫೈಟ್ ಬೇಡ.

ಒಕಿನಾವಾ ಅಂದರೆ ಎಲ್ಲಿ?

ಕರಾಟೆ ಜಪಾನಿನದು ಅಂತ ನಾವು ಹೇಳುತ್ತೇವೆ. ಅರ್ಧ ಮಾತು ಅಷ್ಟೇ ಖರೆ. ಅದು ಹುಟ್ಟಿದ್ದು ಜಪಾನಿನ ದಕ್ಷಿಣ ತುದಿಗೆ, ಚೀನಾದ ಕಡೆಗೆ ಇರುವ ಒಕಿನಾವಾ ಎಂಬ ದ್ವೀಪದಲ್ಲಿ. ಹಿಂದೆ ಅದು ರ್‍ಯುಕ್ಯು ಎಂಬ ಬೇರೆಯೇ ರಾಜ್ಯವಾಗಿತ್ತು. 1879ರಲ್ಲಿ ಜಪಾನ್ ಅದನ್ನು ತನ್ನೊಳಗೆ ಸೇರಿಸಿಕೊಂಡಿತು. ಅತ್ತ ಚೀನಾ, ಇತ್ತ ಜಪಾನ್, ನಡುವೆ ತನ್ನದೇ ಭಾಷೆ, ತನ್ನದೇ ಊಟ. ನಿಪ್ಪಾಣಿ, ಕಾಗವಾಡದ ಮಂದಿಗೆ ಗಡಿಯ ಬದುಕು ಬಿಡಿಸಿ ಹೇಳಬೇಕಿಲ್ಲ. ಎರಡೂ ಕಡೆಯಿಂದ ಬಂದದ್ದನ್ನು ತೆಗೆದುಕೊಂಡು ತಮ್ಮದು ಮಾಡಿಕೊಳ್ಳುವುದು ಗಡಿಯವರ ಗುಣ. ಒಕಿನಾವಾದವರು ತಮ್ಮ ಹಳೆಯ ಕೈವಿದ್ಯೆಗೆ ಚೀನಾದ ಫುಜಿಯಾನ್ ಪ್ರಾಂತದ ವಿದ್ಯೆ ಬೆರೆಸಿ ಕರಾಟೆ ಮಾಡಿದರು.

ಅಲ್ಲಿ ಮೂರು ಊರುಗಳ ಹೆಸರಿನ ಮೇಲೆ ಮೂರು ಪದ್ಧತಿ ಹೇಳುತ್ತಾರೆ: ನಾಹಾ, ಶುರಿ, ತೊಮಾರಿ. ಮೂರೂ ಈಗ ಒಂದೇ ನಾಹಾ ಪಟ್ಟಣದೊಳಗೆ ಬರುತ್ತವೆ. ಚಿಕ್ಕೋಡಿಯಿಂದ ನಿಪ್ಪಾಣಿಗೆ ಹೋಗುವಷ್ಟೂ ದೂರವಿಲ್ಲ. ಆದರೂ ನಮ್ಮ ಕಡೆ ಒಂದೊಂದು ತಾಲೀಮಿಗೆ ಒಂದೊಂದು ಡಾವು ಇರುವಂತೆ ಅಲ್ಲಿ ಊರಿಗೊಂದು ವರಸೆ ಬೆಳೆಯಿತು. ನಾಹಾದ ಕಡೆಯದು ಉಸಿರು, ಗಟ್ಟಿ ನಿಲುವು, ಹತ್ತಿರದ ಹೊಡೆತ. ಶುರಿ, ತೊಮಾರಿ ಕಡೆಯದು ಚುರುಕು, ಸಹಜ ನಿಲುವು, ಜಾರಿಕೊಳ್ಳುವ ನಡೆ.

ಶುರಿಯ ಆಂಕೊ ಇಟೋಸು (1831–1915) ಇಪ್ಪತ್ತನೇ ಶತಮಾನದ ಆರಂಭದಲ್ಲಿ ಇದನ್ನು ಶಾಲೆಗಳಿಗೆ ತಂದರು. ಮಕ್ಕಳಿಗೆ ಅಂತ 'ಪಿನಾನ್' ಎಂಬ ಐದು ಕಾಟಾ ಹೊಂದಿಸಿದರು. 1922ರಲ್ಲಿ ಗಿಚಿನ್ ಫುನಾಕೋಶಿ ಟೋಕಿಯೋಗೆ ಹೋಗಿ ತೋರಿಸಿದ ಮೇಲೆ ಅದು ಜಪಾನ್ ತುಂಬ ಹರಡಿತು. ಮೊದಲು 'ಕರಾಟೆ' ಎಂಬ ಹೆಸರನ್ನು 'ಚೀನಾದ ಕೈ' ಎಂಬ ಅರ್ಥ ಬರುವ ಅಕ್ಷರಗಳಲ್ಲಿ ಬರೆಯುತ್ತಿದ್ದರು. 1936ರ ಅಕ್ಟೋಬರ್ 25ರಂದು ನಾಹಾದಲ್ಲಿ ಹಿರಿಯರು ಸೇರಿ 'ಬರಿಗೈ' ಎಂಬ ಅರ್ಥದ ಅಕ್ಷರಗಳಿಗೆ ಒಪ್ಪಿದರು. ಅದಕ್ಕೇ ಅಕ್ಟೋಬರ್ 25 ಈಗ ಕರಾಟೆ ದಿನ.

ಮೊದಲು ಇದನ್ನು ಪತ್ತೆ ಹಚ್ಚಿ: ನೀವು ಕಲಿತದ್ದು ಯಾವುದು?

ಬಹಳ ಮಂದಿಗೆ ತಾವು ಕಲಿತ ಶೈಲಿಯ ಹೆಸರೇ ಗೊತ್ತಿರುವುದಿಲ್ಲ. 'ಕರಾಟೆ ಕಲಿತೇನ್ರಿ' ಅಷ್ಟೇ. ಸರ್ಟಿಫಿಕೇಟು ಸಿಕ್ಕರೆ ಅದರ ಮೇಲೆ ಬರೆದಿರುತ್ತದೆ. ಸಿಗದಿದ್ದರೆ ನಿಮಗೆ ಮೊದಲು ಕಲಿಸಿದ ಕಾಟಾದ ಹೆಸರು ನೆನಪು ಮಾಡಿಕೊಳ್ಳಿ. ಕಾಟಾ ಅಂದರೆ ಒಬ್ಬರೇ ಮಾಡುವ, ಕ್ರಮ ತಪ್ಪದ ಹೊಡೆತ-ತಡೆಗಳ ಸಾಲು.

- ಹೇಯಾನ್ ಶೋದಾನ್, ಹೇಯಾನ್ ನಿದಾನ್: ನೀವು ಕಲಿತದ್ದು ಬಹುತೇಕ ಶೋಟೋಕಾನ್. ಉದ್ದ ಹೆಜ್ಜೆ, ತೊಡೆ ಉರಿಯುವಷ್ಟು ತಗ್ಗಿನ ನಿಲುವು ನೆನಪಿದ್ದರೆ ಇನ್ನೂ ಖಾತ್ರಿ.
- ಪಿನಾನ್: ಶಿಟೋ-ರಿಯು, ವಾಡೋ-ರಿಯು ಅಥವಾ ಶೋರಿನ್-ರಿಯು. ಕಲಿಸಿದ ನಿಲುವು ಎತ್ತರವೂ ಸಹಜವೂ ಆಗಿದ್ದು, ನೈಹಾಂಚಿ ಎಂಬ ಅಡ್ಡ ನಡೆಯ ಕಾಟಾವನ್ನೂ ಮೊದಲೇ ಕಲಿಸಿದ್ದರೆ ಶೋರಿನ್.
- ಗೆಕಿಸಾಯಿ, ಸೈಫಾ: ಗೋಜು-ರಿಯು.
- ಸಾಂಚಿನ್, ಆಮೇಲೆ ಕಾನ್ಶಿವಾ: ಉಯೆಚಿ-ರಿಯು.
- ಮುಷ್ಟಿ ನಿಲ್ಲಿಸಿ, ಹೆಬ್ಬೆರಳು ಮೇಲೆ ಇಟ್ಟು ಗುದ್ದುವುದು: ಇಶಿನ್-ರಿಯು.

ಒಂದು ಸೂಕ್ಷ್ಮ ಗಮನಿಸಿ. ಹೇಯಾನ್ ಮತ್ತು ಪಿನಾನ್ ಮೂಲದಲ್ಲಿ ಒಂದೇ ಸಾಲಿನ ಕಾಟಾಗಳು. ಫುನಾಕೋಶಿ ಹೆಸರು ಬದಲಿಸಿ, ಮೊದಲೆರಡರ ಕ್ರಮ ಅದಲು-ಬದಲು ಮಾಡಿದರು. ಶೋಟೋಕಾನಿನ ಹೇಯಾನ್ ಶೋದಾನ್ ಅಂದರೆ ಶೋರಿನ್‌ನ ಪಿನಾನ್ ನಿದಾನ್. ಅದಕ್ಕೆ ಶೋಟೋಕಾನ್ ಕಲಿತವರು ಶೋರಿನ್ ಕ್ಲಾಸಿಗೆ ಹೋದರೆ 'ಇದು ಗೊತ್ತಿದ್ದದ್ದೇ, ಆದ್ರ ಏನೋ ಬ್ಯಾರೆ ಐತೆಲ್ಲ' ಅನ್ನಿಸುತ್ತದೆ.

1. ಗೋಜು-ರಿಯು: ಗಟ್ಟಿ, ಮೆತ್ತಗೆ ಎರಡೂ

'ಗೋ' ಅಂದರೆ ಗಟ್ಟಿ, 'ಜು' ಅಂದರೆ ಮೃದು. ಸ್ಥಾಪಿಸಿದವರು ಚೋಜುನ್ ಮಿಯಾಗಿ (1888–1953). ಅವರ ಗುರು ಕಾನ್ರಿಯೋ ಹಿಗಾಒನ್ನಾ (1853–1915) ಚೀನಾದ ಫುಝೌ ಪಟ್ಟಣಕ್ಕೆ ಹೋಗಿ ಕಲಿತು ಬಂದವರು. 'ಕರಾಟೆ ಕಿಡ್' (1984) ಸಿನೆಮಾದ ಮುದುಕ ಗುರು ಮಿಯಾಗಿಯ ಹೆಸರು ಬಂದದ್ದು ಇವರಿಂದಲೇ. ಆ ಸಿನೆಮಾದ ಕತೆ ಬರೆದವರು ಗೋಜು-ರಿಯು ಕಲಿತವರು.

ಇದರ ಬೇರು 'ಸಾಂಚಿನ್' ಕಾಟಾ. ನೋಡಲು ಏನೂ ಇಲ್ಲ: ಕೆಲವೇ ಹೆಜ್ಜೆ, ನಿಧಾನ ಗುದ್ದು, ಸದ್ದು ಮಾಡುವ ಉಸಿರು. ಮಾಡಿದವರಿಗೇ ಗೊತ್ತು ಅದರ ದಣಿವು, ಮೈಯ ಪ್ರತಿ ಸ್ನಾಯು ಬಿಗಿಯಬೇಕು. ಇದಕ್ಕೆ ಜೋಡಿ 'ತೆನ್ಶೋ' ಕಾಟಾ, ಅದರಲ್ಲಿ ಅಂಗೈ ನೀರಿನ ಹಾಗೆ ಹರಿಯುತ್ತದೆ. 1940ರ ಸುಮಾರಿಗೆ ಮಿಯಾಗಿ ಹೊಸಬರಿಗೆ ಅಂತ ಗೆಕಿಸಾಯಿ ಕಾಟಾ ಮಾಡಿದರು. ಇಬ್ಬರು ಕೈಗೆ ಕೈ ತಾಗಿಸಿ ತಳ್ಳಾಡುವ 'ಕಾಕಿಯೆ' ಅಭ್ಯಾಸವೂ ಇದೆ. ಕುಸ್ತಿ ಆಡಿದವರಿಗೆ ಅದು ಥಟ್ಟನೆ ತಿಳಿಯುತ್ತದೆ, ಎದುರಿನವನ ಭಾರ ಎಲ್ಲಿದೆ ಅಂತ ಕೈಯಿಂದಲೇ ಓದುವುದು.

ಗೋಜುವಿನ ಹಳೆಯ ಸಲಕರಣೆ ನೋಡಿದರೆ ನಮ್ಮ ಗರಡಿಮನೆ ನೆನಪಾಗುತ್ತದೆ. 'ಚಿ-ಇಶಿ' ಅಂದರೆ ಕೋಲಿನ ತುದಿಗೆ ಕಲ್ಲು, ನಮ್ಮ ಗದೆಯ ತಮ್ಮ ಇದ್ದ ಹಾಗೆ. 'ನಿಗಿರಿ-ಗಾಮೆ' ಅಂದರೆ ಬಾಯಿ ಹಿಡಿದು ಎತ್ತುವ ಗಡಿಗೆ. ಸಂಗ್ರಾಣಿ ಕಲ್ಲು ಎತ್ತುವ ಪಂದ್ಯ ನೋಡಿ ಬೆಳೆದ ನಮಗೆ ಇದು ಪರದೇಶದ ವಿದ್ಯೆ ಅನ್ನಿಸುವುದಿಲ್ಲ.

ಯಾರಿಗೆ ಹೊಂದತೈತಿ: ಜಾಗ ಕಡಿಮೆ ಇರುವವರಿಗೆ, ಅಂಗಡಿ ಹಿಂದಿನ ಗೋದಾಮಿನಲ್ಲೂ ಸಾಂಚಿನ್ ಮಾಡಬಹುದು. ಮೈಕಟ್ಟು ದಪ್ಪ ಇದ್ದು, ಎತ್ತರದ ಒದೆ ಬಾರದವರಿಗೆ. ಹಳೆ ಪೈಲ್ವಾನರಿಗೆ.

ಎಚ್ಚರಿಕೆ: ಬಿಪಿ ಇದ್ದವರು ಸ್ನಾಯು ಬಿಗಿದು ಉಸಿರು ಕಟ್ಟಿದರೆ ಒತ್ತಡ ಏಕಾಏಕಿ ಏರುತ್ತದೆ. ಸಾಂಚಿನ್ ಅಂದರೆ ಉಸಿರು ಕಟ್ಟುವುದಲ್ಲ, ಬಿಡುತ್ತಲೇ ಇರುವುದು. ಹೊಸದಾಗಿ ಬಂದ ಬಿಪಿ ಪೇಶಂಟಿನ ಹೆಗಲ ಮೇಲೆ ಬಡಿದು ಸಾಂಚಿನ್ 'ಪರೀಕ್ಷೆ' ಮಾಡುವ ಕ್ಲಾಸು ನಿಮಗೆ ಬೇಡ.

2. ಶೋರಿನ್-ರಿಯು: ಚುರುಕು, ಸಹಜ

ಶುರಿ ಪದ್ಧತಿಯ ಮಗಳು ಇದು. ಚೀನಾದ ಶಾವೊಲಿನ್ ಹೆಸರಿನ ಜಪಾನಿ ಉಚ್ಚಾರವೇ 'ಶೋರಿನ್'. ಇಟೋಸು ಶಿಷ್ಯ ಚೋಶಿನ್ ಚಿಬಾನಾ (1885–1969) ತಮ್ಮ ಪದ್ಧತಿಗೆ ಈ ಹೆಸರು ಇಟ್ಟರು. ಇದು ಒಂದೇ ಮನೆಯಲ್ಲ, ನಾಲ್ಕು ಮನೆಯ ವಾಡೆ. ಚಿಬಾನಾ ಅವರದು ಕೊಬಾಯಾಶಿ. ಪೊಲೀಸ್ ಅಧಿಕಾರಿಯಾಗಿದ್ದ ಶೋಶಿನ್ ನಾಗಾಮಿನೆ 1947ರಲ್ಲಿ ಹೆಸರಿಟ್ಟದ್ದು ಮಾತ್ಸುಬಾಯಾಶಿ. ಇನ್ನು ಶೋಬಾಯಾಶಿ, ಮಾತ್ಸುಮುರಾ ಸೈತೋ. ಬೋರ್ಡಿನ ಮೇಲೆ ಬರೀ 'ಶೋರಿನ್' ಇದ್ದರೆ 'ಯಾವ ಶೋರಿನ್ ರೀ?' ಅಂತ ಕೇಳಿ. ಕಲಿಸುವವರಿಗೆ ಉತ್ತರ ಗೊತ್ತಿರಬೇಕು.

ನಿಲುವು ಎತ್ತರ, ಬೀದಿಯಲ್ಲಿ ನಿಂತ ಹಾಗೆ. ಶೋಟೋಕಾನಿನಂತೆ ನೆಲಕ್ಕೆ ಇಳಿಯುವುದಿಲ್ಲ. ಹೊಡೆತ ಸೊಂಟದಿಂದ ಚಾಟಿಯ ಹಾಗೆ ಬರುತ್ತದೆ. ನೈಹಾಂಚಿ ಕಾಟಾ ಇದರ ಅಡಿಪಾಯ: ಗೋಡೆಗೆ ಬೆನ್ನು ಕೊಟ್ಟು ಎಡಕ್ಕೆ-ಬಲಕ್ಕೆ ಅಷ್ಟೇ ನಡೆಯುವುದು. ಮುಂದೆ ಪಿನಾನ್, ಪಸ್ಸಾಯಿ, ಕುಸಾಂಕು, ಚಿಂತೋ, ಗೋಜುಶಿಹೋ.

ಯಾರಿಗೆ: ಮೊದಲು ಶೋಟೋಕಾನ್ ಅಥವಾ ಶಿಟೋ ಕಲಿತವರಿಗೆ ದಾಟುವುದು ಸುಲಭ, ಕಾಟಾ ಗುರುತು ಸಿಗುತ್ತವೆ. ಮೊಣಕಾಲು ನೋವಿನಿಂದ ತಗ್ಗಿನ ನಿಲುವು ಆಗದವರಿಗೆ. ತೆಳ್ಳಗೆ, ಹಗುರ ಮೈಯವರಿಗೆ.

ಎಚ್ಚರಿಕೆ: ಶೋಟೋಕಾನ್ ಅಭ್ಯಾಸ ಮೈಯಲ್ಲಿ ಕೂತಿದ್ದರೆ ಕಾಲು ತಾನೇ ಉದ್ದಕ್ಕೆ ಹೋಗುತ್ತದೆ. ಹಳೆಯದನ್ನು ಬಿಡಿಸುವುದು ಹೊಸದು ಕಲಿಯುವುದಕ್ಕಿಂತ ಹೆಚ್ಚು ದಿನ ತಿನ್ನುತ್ತದೆ. ಬೇಸರ ಬೇಡ.

3. ಉಯೆಚಿ-ರಿಯು: ಕಡಿಮೆ ಕಾಟಾ, ಹೆಚ್ಚು ಕಸುವು

ಕಾನ್ಬುನ್ ಉಯೆಚಿ (1877–1948) 1897ರಲ್ಲಿ ಫುಝೌಗೆ ಹೋಗಿ ಹತ್ತು ವರ್ಷಕ್ಕೂ ಹೆಚ್ಚು ಅಲ್ಲಿ ಇದ್ದರು. ತಿರುಗಿ ಬಂದ ಮೇಲೆ ಬಹಳ ವರ್ಷ ಯಾರಿಗೂ ಕಲಿಸಲಿಲ್ಲ. ಕೆಲಸ ಹುಡುಕಿ ಜಪಾನಿನ ವಾಕಾಯಾಮಾದ ಬಟ್ಟೆ ಗಿರಣಿ ಸೇರಿದರು. ಅಲ್ಲಿ ಒಬ್ಬ ಗಿರಣಿ ಕೆಲಸಗಾರ ಬೆನ್ನು ಬಿದ್ದು ಕೇಳಿದ ಮೇಲೆ ಮತ್ತೆ ಶುರು ಮಾಡಿದರು. ಬಿಟ್ಟದ್ದನ್ನು ನಡುವಯಸ್ಸಿನಲ್ಲಿ ಮತ್ತೆ ಹಿಡಿದವರ ಸಾಲಿನಲ್ಲಿ ಒಂದು ಶೈಲಿಯ ಮೂಲಪುರುಷರೇ ಇದ್ದಾರೆ ಅನ್ನುವುದು ನೆನಪಿರಲಿ. ಇಚಲಕರಂಜಿಯ ಮಗ್ಗಗಳಲ್ಲಿ ಪಾಳಿ ಮುಗಿಸಿ ಬರುವ ನಮ್ಮ ಹುಡುಗರಿಗೆ ಈ ಕತೆ ದೂರದ್ದಲ್ಲ.

ಅವರು ತಂದದ್ದು ಮೂರೇ ಕಾಟಾ: ಸಾಂಚಿನ್, ಸೈಸಾನ್, ಸಾನ್ಸೈರುಯಿ. ಆಮೇಲೆ ಸೇರಿಸಿದ್ದು ಐದು. ಒಟ್ಟು ಎಂಟು. ಇಲ್ಲಿ ಸಾಂಚಿನ್ ಮಾಡುವಾಗ ಅಂಗೈ ತೆರೆದಿರುತ್ತದೆ, ಉಸಿರು ಗೋಜುವಿನಷ್ಟು ಸದ್ದು ಮಾಡುವುದಿಲ್ಲ. ಬೆರಳ ತುದಿಯ ತಿವಿತ, ಒಂದು ಗೆಣ್ಣಿನ ಗುದ್ದು, ಕಾಲ್ಬೆರಳ ತುದಿಯ ತಗ್ಗಿನ ಒದೆ ಇದರ ಗುರುತು. ಮುಂಗೈಗೆ ಮುಂಗೈ ಬಡಿದು ಗಟ್ಟಿ ಮಾಡುವ 'ಕೊತೆ-ಕಿತಾಯೆ' ದಿನದ ಅಭ್ಯಾಸ.

ಯಾರಿಗೆ: ನೆನಪಿಡಲು ಹೊತ್ತಿಲ್ಲದವರಿಗೆ, ಕಡಿಮೆ ಕಾಟಾ ಆಳವಾಗಿ ಮಾಡಬೇಕು ಅನ್ನುವವರಿಗೆ.

ಎಚ್ಚರಿಕೆ: ಕೈ ಬಡಿದಾಟ ನಿಧಾನ ಏರಬೇಕು. ರಕ್ತ ತಿಳಿ ಮಾಡುವ ಗುಳಿಗೆ ತಿನ್ನುವವರಿಗೆ ಇದು ಸಲ್ಲದು. ಬೆರಳಿನ ಕೆಲಸದಿಂದ ಹೊಟ್ಟೆ ಹೊರೆಯುವ ಟೇಲರ್, ಅಕ್ಕಸಾಲಿಗ, ಮೊಬೈಲ್ ರಿಪೇರಿ ಮಾಡುವವರು ತಿವಿತದ ಅಭ್ಯಾಸದಲ್ಲಿ ಕಾಳಜಿ ಮಾಡಬೇಕು. ಕಲಿಸುವವರು ಸಿಗುವುದೂ ಸುಲಭವಲ್ಲ.

4. ಇಶಿನ್-ರಿಯು: ಕೂಡಿಸಿದ ಶೈಲಿ

'ಇಶಿನ್' ಅಂದರೆ ಒಂದೇ ಮನಸ್ಸು. ತಾತ್ಸುಓ ಶಿಮಾಬುಕು (1908–1975) 1956ರಲ್ಲಿ ಹೆಸರಿಟ್ಟರು. ಶುರಿ ಕಡೆಯ ಚುರುಕು, ಮಿಯಾಗಿ ಅವರಿಂದ ಕಲಿತ ಗೋಜು, ಎರಡನ್ನೂ ಒಂದೇ ತಾಟಿಗೆ ಬಡಿಸಿದರು. ಒಕಿನಾವಾದಲ್ಲಿ ಇದ್ದ ಅಮೆರಿಕದ ಸೈನಿಕರು ಇದನ್ನು ತಮ್ಮ ದೇಶಕ್ಕೆ ಒಯ್ದರು.

ಮುಷ್ಟಿ ತಿರುಗಿಸುವುದಿಲ್ಲ, ನಿಲ್ಲಿಸಿ ಗುದ್ದುವುದು. ಎಳೆದುಕೊಳ್ಳುವ ವೇಗ ಮುಖ್ಯ. ಬರಿಗೈ ಕಾಟಾ ಎಂಟು, ಜೊತೆಗೆ ಬೋ, ಸಾಯಿ, ತೊನ್ಫಾ ಆಯುಧಗಳ ಕಾಟಾ ಪಠ್ಯದಲ್ಲೇ ಇರುತ್ತವೆ.

ಯಾರಿಗೆ: ಗೋಜು, ಶೋರಿನ್ ಎರಡರ ರುಚಿಯೂ ಬೇಕು ಅನ್ನುವವರಿಗೆ. ಮಣಿಕಟ್ಟು ಹಿಂದೆ ಉಳುಕಿದವರು ನಿಂತ ಮುಷ್ಟಿಯನ್ನು ಒಮ್ಮೆ ಮಾಡಿ ನೋಡಬಹುದು.

ಎಚ್ಚರಿಕೆ: ಹೆಸರು ಹೇಳುವವರು ಇದ್ದರೂ ಪೂರ್ತಿ ಪಠ್ಯ ಕಲಿಸುವವರು ಇದ್ದಾರೋ ನೋಡಿ. ಎಂಟು ಕಾಟಾದ ಹೆಸರು ಕೇಳಿದರೆ ಗೊತ್ತಾಗುತ್ತದೆ.

ಹಂಗಾದ್ರ ಶೋಟೋಕಾನ್, ಶಿಟೋ?

ಇವೂ ಒಕಿನಾವಾದ ಬೀಜವೇ, ಬೆಳೆದದ್ದು ಜಪಾನಿನ ನೆಲದಲ್ಲಿ. ಫುನಾಕೋಶಿ (1868–1957) ಅವರ ಶೋಟೋಕಾನ್, ಕೆನ್ವಾ ಮಾಬುನಿ (1889–1952) ಅವರ ಶಿಟೋ-ರಿಯು, ಇಬ್ಬರೂ ಒಕಿನಾವಾದವರು. ವಾಡೋ-ರಿಯು ಕಟ್ಟಿದ ಹಿರೋನೋರಿ ಓತ್ಸುಕಾ ಮಾತ್ರ ಜಪಾನ್ ಮುಖ್ಯಭೂಮಿಯವರು, ಫುನಾಕೋಶಿ ಕಡೆ ಕಲಿತವರು. ಮಾಬುನಿ ಅವರು ಇಟೋಸು, ಹಿಗಾಒನ್ನಾ ಇಬ್ಬರಲ್ಲೂ ಕಲಿತದ್ದರಿಂದ ಶಿಟೋದಲ್ಲಿ ಎರಡೂ ಕಡೆಯ ಕಾಟಾ ರಾಶಿ ಇವೆ.

ಮಕ್ಕಳು ಸ್ಪರ್ಧೆಗೆ ಹೋಗಬೇಕು ಅಂದರೆ ಶೋಟೋಕಾನ್, ಶಿಟೋ, ಗೋಜು, ವಾಡೋ ಹೆಚ್ಚು ನಡೆಯುತ್ತವೆ. ಹಾಗಂತ ಒಕಿನಾವಾದವರು ಸ್ಪರ್ಧೆಯಲ್ಲಿ ಹಿಂದೆ ಇಲ್ಲ. ಕರಾಟೆ ಒಲಿಂಪಿಕ್ಸಿಗೆ ಬಂದದ್ದು ಒಂದೇ ಸಲ, 2021ರಲ್ಲಿ ನಡೆದ ಟೋಕಿಯೋ ಕೂಟದಲ್ಲಿ. ಅಲ್ಲಿ ಗಂಡಸರ ಕಾಟಾ ಚಿನ್ನ ಗೆದ್ದವರು ಒಕಿನಾವಾದ ರಿಯೋ ಕಿಯುನಾ. ಅವರದು ರ್‍ಯುಯೆಯಿ-ರಿಯು ಎಂಬ ಚಿಕ್ಕ ಶೈಲಿ. 2024ರ ಪ್ಯಾರಿಸ್ ಕೂಟದಲ್ಲಿ ಕರಾಟೆ ಇರಲಿಲ್ಲ.

ನಿಮ್ಮ ಪರಿಸ್ಥಿತಿ, ನಿಮ್ಮ ಆಯ್ಕೆ

- ಮೊಣಕಾಲು ನೋವು: ಶೋರಿನ್ ಅಥವಾ ಇಶಿನ್. ಶೋಟೋಕಾನ್ ಆದರೆ ನಿಲುವು ಎತ್ತರಿಸಿ ಮಾಡಲು ಸರ್ ಒಪ್ಪುತ್ತಾರೋ ಕೇಳಿ.
- ಬಿಪಿ: ಶೋರಿನ್ ಹಗುರ. ಗೋಜು, ಉಯೆಚಿ ಆದರೆ ಡಾಕ್ಟರ್ ಒಪ್ಪಿಗೆ ಮೇಲೆ.
- ವಾರಕ್ಕೆ ಎರಡೇ ದಿನ ಹೊತ್ತು: ಉಯೆಚಿ, ಗೋಜು. ಒಂದು ಕಾಟಾವನ್ನು ಮನೆಯಲ್ಲಿ ಹತ್ತು ನಿಮಿಷ ಮಾಡಿದರೂ ಫಲ.
- ಮಗಳ ಜೊತೆ ಕಲಿಯುವ ಆಸೆ: ಮಗಳು ಯಾವ ಕ್ಲಾಸಿನಲ್ಲಿ ಖುಷಿಯಾಗಿದ್ದಾಳೋ ಅದೇ. ಮನೆಯಲ್ಲಿ ಇಬ್ಬರೂ ಒಂದೇ ಕಾಟಾ ಮಾಡುವುದಕ್ಕಿಂತ ಒಳ್ಳೆ ಕಾರಣ ಬೇರೆ ಬೇಕಿಲ್ಲ.
- ಹತ್ತಿರ ಒಂದೇ ಕ್ಲಾಸು: ಅದು ಒಳ್ಳೆಯದಾಗಿದ್ದರೆ ಅಲ್ಲೇ ಸೇರಿ. ವಾರಕ್ಕೆ ಮೂರು ಸಲ ಕೊಲ್ಹಾಪುರಕ್ಕೋ ಮಿರಜಿಗೋ ಹೋಗಿ ಕಲಿಯುತ್ತೇನೆ ಅಂದವರು ಎರಡನೇ ತಿಂಗಳಿಗೆ ಬಿಡುತ್ತಾರೆ.

ಹಳೆ ಬೆಲ್ಟಿನ ಗತಿ ಏನು?

ಹೆಚ್ಚು ಮಂದಿ ತಿರುಗಿ ಬರದೇ ಇರುವುದು ಇದೇ ಕಾರಣಕ್ಕೆ. 'ಹಸಿರು ಬೆಲ್ಟ್ ಇದ್ದಾಂವ, ಈಗ ಸಣ್ಣ ಹುಡುಗರ ಹಿಂದ ಬಿಳಿ ಬೆಲ್ಟ್ ಕಟ್ಟಿ ನಿಂದ್ರಬೇಕೇನು?' ಅಂತ ನಾಚಿಕೆ. ನೋಡ್ರಿ, ಕರಾಟೆಗೆ ಬೆಲ್ಟು ಬಂದದ್ದೇ ಆಮೇಲೆ. ಜುಡೋದಿಂದ ಎರವಲು ಪಡೆದು ಫುನಾಕೋಶಿ ಮೊದಲ ಕಪ್ಪು ಬೆಲ್ಟು ಕೊಟ್ಟದ್ದು 1924ರಲ್ಲಿ. ಮಿಯಾಗಿಯ ಗುರು ಹಿಗಾಒನ್ನಾ ಬಣ್ಣದ ಬೆಲ್ಟು ಕಟ್ಟದೇ ತೀರಿಕೊಂಡರು.

ನಡೆಯುವ ರೀತಿ ಹೀಗೆ. ಅದೇ ಶೈಲಿ, ಅದೇ ಸಂಸ್ಥೆ ಆದರೆ ಸರ್ಟಿಫಿಕೇಟು ತೋರಿಸಿ, ಕೆಲವು ತಿಂಗಳು ಅಭ್ಯಾಸ ಮಾಡಿದ ಮೇಲೆ ಹಳೆ ಬೆಲ್ಟು ಕಟ್ಟಲು ಬಿಡಬಹುದು. ಅದೇ ಶೈಲಿ, ಬೇರೆ ಸಂಸ್ಥೆ ಆದರೆ ಸರ್ ವಿವೇಚನೆ. ಶೈಲಿಯೇ ಬೇರೆ ಆದರೆ ಬಿಳಿ ಬೆಲ್ಟು ಕಟ್ಟಿ ಹೋಗುವುದೇ ಮರ್ಯಾದೆ. ಬಿಳಿ ಬೆಲ್ಟಿಗೆ ಒಂದು ಲಾಭವೂ ಇದೆ, ಯಾರೂ ನಿಮ್ಮಿಂದ ಏನನ್ನೂ ನಿರೀಕ್ಷಿಸುವುದಿಲ್ಲ, ನಿಮ್ಮ ಗತಿಯಲ್ಲಿ ಕಲಿಯಬಹುದು. ಹಳೆ ಬೆಲ್ಟು ಮನೆಯಲ್ಲಿರಲಿ, ಅದು ನಿಮ್ಮ ದುಡಿಮೆಯೇ, ಯಾರೂ ಕಸಿಯುವುದಿಲ್ಲ.

ಮೊದಲ ಹನ್ನೆರಡು ವಾರ

ಶುರು ಮಾಡುವ ಮೊದಲು ಬಿಪಿ, ಶುಗರ್ ನೋಡಿಸಿ. 30 ವರ್ಷ ದಾಟಿದವರಿಗೆ ಸರ್ಕಾರಿ ಆಸ್ಪತ್ರೆಗಳಲ್ಲಿ ಈ ತಪಾಸಣೆ ಮಾಡುತ್ತಾರೆ. ಎದೆ ನೋವು, ಏದುಸಿರು, ತಲೆ ತಿರುಗುವಿಕೆ ಇದ್ದವರು ಡಾಕ್ಟರ್ ಮಾತು ಮುಗಿಯದೇ ಮೈದಾನಕ್ಕೆ ಇಳಿಯಬೇಡಿ.

1ರಿಂದ 4ನೇ ವಾರ: ವಾರಕ್ಕೆ ಎರಡು ದಿನ, 40 ನಿಮಿಷ. ಅದರಲ್ಲಿ 10 ನಿಮಿಷ ಮೈ ಬಿಸಿ ಮಾಡುವುದು. ನಿಲುವು, ಗುದ್ದು, ತಡೆ, ಒಂದೇ ಕಾಟಾ. ಒದೆ ಸೊಂಟದ ಕೆಳಗೆ. ಜಿಗಿತ ಬೇಡ.

5ರಿಂದ 8ನೇ ವಾರ: ವಾರಕ್ಕೆ ಮೂರು ದಿನ. ಕಾಟಾ ವೇಗ ಏರಿಸಿ. ತೊಡೆ, ಬೆನ್ನಿಗೆ ಬೈಠಕ್, ಸಪಾಟಿ, ಗರಡಿಯಲ್ಲಿ ಮಾಡುವುದೇ.

9ರಿಂದ 12ನೇ ವಾರ: ಜೊತೆಗಾರನೊಡನೆ ಹೇಳಿ ಮಾಡುವ ಹೊಡೆತ-ತಡೆ. ಫೈಟ್ ಇದಾದ ಮೇಲೆ, ಬಾಯಿಗಾರ್ಡ್, ಗ್ಲೌಸ್ ಹಾಕಿಕೊಂಡು.

ಲೆಕ್ಕ ಸರಳ: ಸ್ನಾಯು ನೋವು ಬಂದರೆ ಸಹಜ, ಸಂದು ನೋವು ಮಾರನೇ ಬೆಳಿಗ್ಗೆಗೂ ಉಳಿದರೆ ಕಡಿಮೆ ಮಾಡಿ. ದೊಡ್ಡವರಿಗೆ ವಾರಕ್ಕೆ 150 ನಿಮಿಷವಾದರೂ ಮೈ ದಣಿಯುವ ಚಟುವಟಿಕೆ ಬೇಕು ಅಂತ ವಿಶ್ವ ಆರೋಗ್ಯ ಸಂಸ್ಥೆ ಹೇಳುತ್ತದೆ. ಮೂರು ದಿನದ ಕ್ಲಾಸು, ಜೊತೆಗೆ ಮನೆಯಲ್ಲಿ ಸ್ವಲ್ಪ ಕಾಟಾ ಆದರೆ ಅಲ್ಲಿಗೆ ಮುಟ್ಟುತ್ತೀರಿ.

ಶುಗರ್ ಇದ್ದವರಿಗೆ ವಿಶೇಷ: ಕರಾಟೆ ಬರಿಗಾಲಿನ ಆಟ. ಪಾದ ಜೋಮು ಹಿಡಿದವರಿಗೆ ಫರಸಿ ಮೇಲೆ, ಮೈದಾನದ ಹರಳು ಮೇಲೆ ಗಾಯ ಆದದ್ದೂ ತಿಳಿಯುವುದಿಲ್ಲ. ಅಭ್ಯಾಸ ಮುಗಿದ ಮೇಲೆ ದಿನಾ ಪಾದ ನೋಡಿಕೊಳ್ಳಿ. ಗಾಯ ಇದ್ದರೆ ವಾಸಿಯಾಗುವ ತನಕ ಬಿಡಿ. ಗುಳಿಗೆ, ಇನ್ಸುಲಿನ್ ತೆಗೆದುಕೊಳ್ಳುವವರು ಖಾಲಿ ಹೊಟ್ಟೆಯಲ್ಲಿ ಬರಬೇಡಿ, ಕಿಸೆಯಲ್ಲಿ ಸಕ್ಕರೆ ಇರಲಿ.

ಕಬ್ಬಿನ ಹಂಗಾಮು, ಹಬ್ಬದ ಸೀಜನ್, ಲಗ್ನಸರಾಯಿ ಬಂದಾಗ ಕ್ಲಾಸು ತಪ್ಪುತ್ತದೆ. ತಪ್ಪಲಿ. ಆ ದಿನಗಳಲ್ಲಿ ಒಂದೇ ಕಾಟಾ ಮನೆಯಲ್ಲಿ ಮಾಡಿ. ಎರಡು ವಾರ ತಪ್ಪಿತು ಅಂತ ಪೂರ್ತಿ ಬಿಡುವುದೇ ನಮ್ಮ ಮಂದಿಯ ರೋಗ.

ಫೀ ಕೊಡುವ ಮೊದಲು ಕೇಳಬೇಕಾದ ಪ್ರಶ್ನೆಗಳು

1. ನಿಮ್ಮ ಗುರು ಯಾರು, ಅವರ ಗುರು ಯಾರು? ಒಕಿನಾವಾ ಶೈಲಿ ಅಂದ ಮೇಲೆ ಸಾಲು ಅಲ್ಲಿಯ ತನಕ ಹೇಳಲು ಬರಬೇಕು.
2. ತಿಂಗಳ ಫೀ ಎಷ್ಟು, ಬೆಲ್ಟ್ ಪರೀಕ್ಷೆಯ ಫೀ ಎಷ್ಟು, ವರ್ಷಕ್ಕೆ ಎಷ್ಟು ಪರೀಕ್ಷೆ? ಎಲ್ಲಾ ಮೊದಲೇ ಕೇಳಿ, ಪಾವತಿ ತೆಗೆದುಕೊಳ್ಳಿ.
3. ಕಪ್ಪು ಬೆಲ್ಟಿಗೆ ಎಷ್ಟು ವರ್ಷ? ಒಂದು ವರ್ಷದಾಗ ಕೊಡ್ತೀವಿ ಅಂದರೆ ಅದು ಬೆಲ್ಟ್ ಮಾರುವ ಅಂಗಡಿ.
4. ಪರೀಕ್ಷೆಯಲ್ಲಿ ಯಾರಾದರೂ ನಪಾಸಾಗುತ್ತಾರೋ? ಎಲ್ಲರೂ ಪಾಸಾದರೆ ಅದು ಪರೀಕ್ಷೆಯಲ್ಲ.
5. ಪ್ರಥಮ ಚಿಕಿತ್ಸೆ ಪೆಟ್ಟಿಗೆ ಇದೆಯೋ? ಪೆಟ್ಟಾದರೆ ಏನು ಮಾಡುತ್ತೀರಿ?
6. ತಂದೆ-ತಾಯಿ ಕೂತು ನೋಡಬಹುದೋ? ಬೇಡ ಅಂದರೆ ಮಕ್ಕಳನ್ನು ಕಳಿಸಬೇಡಿ. ಹೆಣ್ಣುಮಕ್ಕಳ ಕ್ಲಾಸಿಗೆ ಇದು ಕಡ್ಡಾಯ.
7. ದೊಡ್ಡವರಿಗೆ ಬೇರೆ ಬ್ಯಾಚ್ ಇದೆಯೋ? ಹತ್ತು ವರ್ಷದ ಹುಡುಗರ ಕಸರತ್ತು ನಲವತ್ತರವರಿಗೆ ಹೊಂದುವುದಿಲ್ಲ.

ಜಾತ್ರೆಯಲ್ಲಿ, ಗ್ಯಾದರಿಂಗಿನಲ್ಲಿ ಹೆಂಚು ಒಡೆಯುವುದು, ಹೊಟ್ಟೆ ಮೇಲೆ ಬೈಕ್ ಹಾಯಿಸುವುದು ನೋಡಿ ಕ್ಲಾಸು ಆರಿಸಬೇಡಿ. ಅದು ತಮಾಶೆ. ಮೊದಲು ಎರಡು ದಿನ ಸುಮ್ಮನೆ ಕೂತು ನೋಡಿ. ಹುಡುಗರು ತಪ್ಪು ಮಾಡಿದಾಗ ಸರ್ ಏನು ಮಾಡುತ್ತಾರೆ ಅನ್ನುವುದರಲ್ಲೇ ಎಲ್ಲಾ ಗೊತ್ತಾಗುತ್ತದೆ.

'ಇಂಟರ್‌ನ್ಯಾಷನಲ್', 'ವರ್ಲ್ಡ್' ಅಂತ ಬೋರ್ಡಿನ ಮೇಲೆ ಬರೆದ ಮಾತ್ರಕ್ಕೆ ಮಾನ್ಯತೆ ಅಲ್ಲ. ದೇಶದಲ್ಲಿ ಕರಾಟೆ ಒಕ್ಕೂಟಗಳ ತಕರಾರು ಹಳೆಯದು. 2019ರಲ್ಲಿ ವಿಶ್ವ ಕರಾಟೆ ಒಕ್ಕೂಟ ಭಾರತದ ಆಗಿನ ಸಂಘದ ಮಾನ್ಯತೆಯನ್ನೇ ತಡೆಹಿಡಿದಿತ್ತು. ಮಕ್ಕಳ ಸ್ಪರ್ಧೆಯ ಸರ್ಟಿಫಿಕೇಟು ಮುಂದೆ ಕೋಟಾಕ್ಕೆ, ನೌಕರಿಗೆ ಬೇಕು ಅನ್ನುವವರು ಯಾವ ಪಂದ್ಯದ ಪತ್ರ ನಡೆಯುತ್ತದೆ ಅಂತ ಯುವಜನ ಸೇವೆ ಮತ್ತು ಕ್ರೀಡಾ ಇಲಾಖೆಯಲ್ಲಿ ಕೇಳಿಯೇ ದುಡ್ಡು ಕಟ್ಟಿ.

ಸರ್ಕಾರಿ ಶಾಲೆಯ ಹೆಣ್ಣುಮಕ್ಕಳಿಗೆ ಸಮಗ್ರ ಶಿಕ್ಷಣದಡಿ ರಾಣಿ ಲಕ್ಷ್ಮೀಬಾಯಿ ಆತ್ಮರಕ್ಷಣಾ ತರಬೇತಿ ಇದೆ. ನಿಮ್ಮ ಮಗಳ ಶಾಲೆಯಲ್ಲಿ ಈ ವರ್ಷ ನಡೆಯುತ್ತದೋ ಮುಖ್ಯೋಪಾಧ್ಯಾಯರನ್ನು ಕೇಳಿ, ಫೀ ಇಲ್ಲ.

ಅಂಗಡಿಯವರು ತಿಳಿದಿರಬೇಕಾದ ಕಾನೂನು

ಕರಾಟೆ ಬಂದವರು ಹೊಡೆದರೆ ಬೇರೆ ಶಿಕ್ಷೆ, ಕಪ್ಪು ಬೆಲ್ಟನ್ನು ಪೊಲೀಸ್ ಠಾಣೆಯಲ್ಲಿ ನೋಂದಾಯಿಸಬೇಕು ಅನ್ನುವುದೆಲ್ಲ ಕಟ್ಟೆ ಮಾತು. 2024ರ ಜುಲೈ 1ರಿಂದ ಜಾರಿಯಾದ ಭಾರತೀಯ ನ್ಯಾಯ ಸಂಹಿತೆಯ 34ರಿಂದ 44ನೇ ಕಲಮುಗಳಲ್ಲಿ ಆತ್ಮರಕ್ಷಣೆಯ ಹಕ್ಕು ಇದೆ. ನಿಮ್ಮ ಮೈ, ಬೇರೆಯವರ ಮೈ, ಆಸ್ತಿ ಕಾಯಬಹುದು. ಆದರೆ ಕಾಯಲು ಬೇಕಾದಷ್ಟೇ ಬಲ. ಅದಕ್ಕಿಂತ ಹೆಚ್ಚು ಸಲ್ಲದು. ಪೊಲೀಸರ ಬಳಿ ಹೋಗಲು ಹೊತ್ತು ಇದ್ದರೆ ಆ ಹಕ್ಕು ಇಲ್ಲ. ಓಡಿ ಹೋಗುತ್ತಿರುವವನ ಬೆನ್ನು ಹತ್ತಿ ಹೊಡೆದರೆ ಕೇಸು ನಿಮ್ಮ ಮೇಲೆ ತಿರುಗಬಹುದು. ಉಧಾರಿ ವಸೂಲಿಯ ಜಗಳಕ್ಕೆ ಕರಾಟೆ ಅಲ್ಲ. ಗಲ್ಲಾಕ್ಕೆ ಚಾಕು ತೋರಿಸಿದರೆ ದುಡ್ಡು ಕೊಟ್ಟು ಬಿಡಿ, 112ಕ್ಕೆ ಫೋನ್ ಮಾಡಿ. ಜೀವಕ್ಕಿಂತ ಗಲ್ಲಾ ದೊಡ್ಡದಲ್ಲ ಅನ್ನುವುದನ್ನು ಒಳ್ಳೆ ಸರ್ ಮೊದಲೇ ಕಲಿಸುತ್ತಾರೆ.

ಪದೇ ಪದೇ ಕೇಳುವವು

ಐವತ್ತು ದಾಟೇತ್ರಿ, ನಡೀತೈತಿ? ನಡೆಯುತ್ತದೆ. ಕಾಟಾ, ಉಸಿರು, ಸಮತೋಲ ಸಾಕು. ಒಕಿನಾವಾದಲ್ಲಿ ಎಪ್ಪತ್ತು ದಾಟಿದವರೂ ದಿನಾ ಮಾಡುತ್ತಾರೆ. ಫೈಟ್ ಕಡ್ಡಾಯ ಅನ್ನುವ ಕ್ಲಾಸು ಬೇಡ.

ಯೂಟ್ಯೂಬ್ ನೋಡಿ ಕಲಿಯಬಹುದೇ? ಮರೆತ ಕಾಟಾದ ಕ್ರಮ ನೆನಪಿಸಿಕೊಳ್ಳಲು ಸರಿ. ಮೊಣಕಾಲು ಒಳಗೆ ವಾಲಿದ್ದನ್ನು ಮೊಬೈಲು ಹೇಳುವುದಿಲ್ಲ, ಎದುರಿಗೆ ನಿಂತ ಸರ್ ಹೇಳುತ್ತಾರೆ.

ಎರಡು ಶೈಲಿ ಕೂಡಿಸಿ ಕಲಿಯಲೇ? ಮೊದಲ ಎರಡು-ಮೂರು ವರ್ಷ ಒಂದೇ. ಆಮೇಲೆ ನೋಡಿದರಾಯ್ತು. ಮಾಬುನಿ, ಶಿಮಾಬುಕು ಕೂಡಿಸಿದ್ದು ಮೊದಲು ಒಂದೊಂದನ್ನು ಪೂರ್ತಿ ಕಲಿತ ಮೇಲೆ.

ಮಾಕಿವಾರಾ ಮನೆಯಲ್ಲಿ ಕಟ್ಟಲೇ? ಇದು ಹುಲ್ಲು ಸುತ್ತಿದ, ಬಾಗುವ ಹಲಗೆ ಕಂಬ. ಗೋಡೆಗೆ, ಲೈಟ್ ಕಂಬಕ್ಕೆ ಗುದ್ದುವುದು ಮಾಕಿವಾರಾ ಅಲ್ಲ, ಎಲುಬು ಹಾಳು ಮಾಡುವ ಕೆಲಸ. ಮಕ್ಕಳಿಗೆ ಬೇಡವೇ ಬೇಡ.

ಡ್ರೆಸ್ ಮೊದಲೇ ತರಬೇಕೇ? ಬೇಡ. ಮೊದಲ ತಿಂಗಳು ಟ್ರ್ಯಾಕ್‌ಪ್ಯಾಂಟ್, ಟೀ-ಶರ್ಟ್ ಸಾಕು. ನಿಲ್ಲುತ್ತೀರಿ ಅಂತ ಖಾತ್ರಿ ಆದ ಮೇಲೆ ತನ್ನಿ.

ಹಳೆ ಸರ್ ಇನ್ನೂ ಊರಲ್ಲೇ ಇದ್ದರೆ? ಬೇರೆ ಕ್ಲಾಸು ಸೇರುವ ಮೊದಲು ಒಮ್ಮೆ ಹೋಗಿ ಮಾತಾಡಿ ಬನ್ನಿ. ಕೈಯಲ್ಲಿ ಹಳೆ ಸರ್ಟಿಫಿಕೇಟು ಇರಲಿ. ಮೊದಲ ಕಾಟಾ ಅವರೇ ಕಲಿಸಿದ್ದಲ್ಲವೇ, ಯಾವ ಶೈಲಿಗೆ ಹೋದರೂ ಅದು ಕಾಲಿನಲ್ಲಿ ಉಳಿದಿರುತ್ತದೆ.